ಮಾಡುವುದೂ ಆಗುವುದೂ

ಸ್ಪ್ಯಾನಿಷ್ ಭಾಷೆಯಲ್ಲಿ ಚಳಿ ಆಗುವುದಿಲ್ಲ, ಚಳಿ ‘ಮಾಡುತ್ತದೆ’. ಸೆಕೆಯೂ ಮಾಡುತ್ತದೆ, ಬಿಸಿಲೂ ಮಾಡುತ್ತದೆ, ಗಾಳಿಯೂ ಮಾಡುತ್ತದೆ. ಮಾಡುವವರು ಯಾರು ಎಂದು ಹುಡುಕಿದರೆ ವಾಕ್ಯದಲ್ಲಿ ಯಾರೂ ಸಿಗುವುದಿಲ್ಲ. ಅಲ್ಲಿ ಆ ಕ್ರಿಯಾಪದಕ್ಕೆ ಕರ್ತೃವೇ ಇಲ್ಲ. ‘ಆಥೆ ಫ್ರೀಯೊ’ ಎನ್ನುತ್ತಾರೆ ಮ್ಯಾಡ್ರಿಡ್‌ನ ಜನ, ಜನವರಿಯ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಕೈ ಉಜ್ಜಿಕೊಳ್ಳುತ್ತ. ಎರಡು ವರ್ಷದ ಹಿಂದೆ ಎನ್ನಬೇಕಾದರೂ ಬರುವುದು ಅದೇ ಕ್ರಿಯಾಪದ: ‘ಆಥೆ ದೋಸ್ ಆನ್ಯೊಸ್’. ಹಾಸಿಗೆ ಸರಿಪಡಿಸುವುದು, ವಾರದ ಸಾಮಾನು ತರುವುದು, ಊರಿಗೆ ಹೊರಡುವಾಗ ಸೂಟ್‌ಕೇಸು ತುಂಬುವುದು, ಸಾಲಿನಲ್ಲಿ ನಿಲ್ಲುವುದು, ಜಗಳವಾಡಿದವರು ರಾಜಿಯಾಗುವುದು, ಒಬ್ಬರ ಮಾತಿಗೆ ಕಿವಿಗೊಡುವುದು, ಎಲ್ಲಕ್ಕೂ ಅದೊಂದೇ. ಆ ಕ್ರಿಯಾಪದ ‘ಅಥೇರ್’. ಬರೆಯುವಾಗ ಮುಂದೆ ಒಂದು ‘ಎಚ್’ ಇರುತ್ತದೆ, ಆಡುವಾಗ ಇರುವುದಿಲ್ಲ. ನಡುವಿನ ‘ಥ’ವನ್ನು ಮ್ಯಾಡ್ರಿಡ್‌ನವರು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಹೇಳುತ್ತಾರೆ, ಅಮೆರಿಕ ಖಂಡದಲ್ಲಿ ಸ್ಪ್ಯಾನಿಷ್ ಆಡುವವರ ಬಾಯಲ್ಲಿ ಅದು ‘ಅಸೇರ್’.

ಗಂಡನ ಕೆಲಸದ ನಿಮಿತ್ತ ಮ್ಯಾಡ್ರಿಡ್‌ಗೆ ಬಂದ ನಾನು ಭಾಷೆ ಕಲಿತದ್ದು ಲಾವಾಪ್ಯೇಸ್ ಎಂಬ ಹಳೆಯ ಬಡಾವಣೆಯಲ್ಲಿ. ಇಳಿಜಾರಿನ ಕಿರುಬೀದಿಗಳು, ಕಬ್ಬಿಣದ ಕಟಕಟೆಯ ಬಾಲ್ಕನಿಗಳು, ಸಾಲುಸಾಲಾಗಿ ಬಾಂಗ್ಲಾದೇಶದವರ ಅಂಗಡಿಗಳು. ಕೊತ್ತಂಬರಿ ಸೊಪ್ಪು, ಬೆಂಡೆಕಾಯಿ, ತೊಗರಿಬೇಳೆಗೆ ಅಲೆಯಬೇಕಿಲ್ಲ. ಅಲ್ಲೇ ಒಂದು ಕೋಣೆಯಲ್ಲಿ ವಲಸೆ ಬಂದವರಿಗೆಂದು ಸಂಜೆ ಪಾಠ ನಡೆಯುತ್ತಿತ್ತು. ಕಲಿಸುತ್ತಿದ್ದವರು ನಿವೃತ್ತ ಶಿಕ್ಷಕಿ; ನಾವೆಲ್ಲ ಅವರನ್ನು ‘ಪ್ರೋಫೆ’ ಎನ್ನುತ್ತಿದ್ದೆವು. ಸಿಲ್ಹೆಟ್‌ನ ಹುಡುಗರು, ಸೆನೆಗಲ್‌ನ ಇಬ್ಬರು ಅಣ್ಣತಮ್ಮಂದಿರು, ಮೊರಾಕ್ಕೋದ ಒಬ್ಬ ತಾಯಿ, ಉಕ್ರೇನಿನ ಒಬ್ಬ ನರ್ಸ್, ಮತ್ತೆ ನಾನು. ಪ್ರೋಫೆ ಕ್ರಿಯಾಪದಗಳ ಕೋಷ್ಟಕವನ್ನು ಕರಿಹಲಗೆಯ ಮೇಲೆ ಬರೆದು, ಒಂದು ಸಲ ಓದಿಸಿ, ಅಳಿಸಿಬಿಡುತ್ತಿದ್ದರು. ಈಗ ಹೊರಗೆ ಹೋಗಿ ಜನರ ಬಾಯಿಂದ ಇದನ್ನು ತನ್ನಿ ಎನ್ನುವುದು ಅವರ ಕ್ರಮ. ಯಾರ ಬಾಯಿಂದ ಬಂತು ಎಂಬುದನ್ನೂ ಹೇಳಬೇಕು. ಆ ಕ್ರಮಕ್ಕೆ ನಾನು ಋಣಿ. ಅಥೇರ್‌ನ ಒಂದೊಂದು ಅರ್ಥದ ಜೊತೆಗೂ ನನ್ನಲ್ಲಿ ಇವತ್ತಿಗೂ ಒಬ್ಬೊಬ್ಬರ ಮುಖ ಇದೆ.

ಕೋಷ್ಟಕ ನೋಡಿದರೆ ಎಂಥವರಿಗೂ ಎದೆಗುಂದುತ್ತದೆ. ನಾನು ಮಾಡುತ್ತೇನೆ ಎನ್ನಲು ‘ಆಗೊ’, ಅವಳು ಮಾಡುತ್ತಾಳೆ ಎನ್ನಲು ‘ಆಥೆ’, ನಾನು ಮಾಡಿದೆ ಎನ್ನಲು ‘ಈಥೆ’, ಅವಳು ಮಾಡಿದಳು ಎನ್ನಲು ‘ಈಥೊ’, ಮಾಡುವೆನು ಎನ್ನಲು ‘ಅರೇ’, ಮಾಡಿದ್ದು, ಆದದ್ದು ಎನ್ನಲು ‘ಏಚೊ’. ಒಂದರ ಮುಖ ಇನ್ನೊಂದಕ್ಕಿಲ್ಲ. ನಮ್ಮ ‘ಮಾಡು’ ಇದಕ್ಕೆ ತೀರ ವಿರುದ್ಧ. ಮಾಡಿದ, ಮಾಡುತ್ತಾನೆ, ಮಾಡುವನು: ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಧಾತುವಿಗೆ ಉದಾಹರಣೆ ಬೇಕಾದಾಗ ಮೊದಲು ಎದ್ದು ನಿಲ್ಲುವ ಸಾಧು ಕ್ರಿಯಾಪದ. ನಮ್ಮಲ್ಲಿ ದಾರಿ ಬಿಟ್ಟು ನಡೆಯುವವು ಬೇರೆ. ಬಾ, ಬಂದ, ಬರುತ್ತಾನೆ. ಸಾಯಿ, ಸತ್ತ. ಕೀಳು, ಕಿತ್ತ. ಏಳು, ಎದ್ದ. ಹುಟ್ಟುಕನ್ನಡಿಗರಿಗೆ ಇವು ವಿಚಿತ್ರವೆಂದು ಒಂದು ಕ್ಷಣವೂ ಅನ್ನಿಸುವುದಿಲ್ಲ. ಬೇರೆಯವರು ಕನ್ನಡ ಕಲಿಯಲು ಕೂತಾಗಲೇ ಅವುಗಳ ಗಂಟು ಗೊತ್ತಾಗುವುದು.

ಆದರೆ ‘ಅನಿಯಮಿತ’ ಎಂಬ ಹೆಸರು ಅಥೇರ್‌ಗೆ ಅನ್ಯಾಯ. ಅದರ ಹೆಚ್ಚಿನ ರೂಪಗಳು ಒಂದೊಂದು ನಿಯಮದ ಬೆನ್ನು ಹಿಡಿದೇ ಬಂದಿವೆ. ಮೂಲ ಲ್ಯಾಟಿನ್ನಿನ ‘ಫಾಕೆರೆ’. ಅದರ ಭೂತಕೃದಂತ ‘ಫಾಕ್ತುಮ್’ ಸ್ಪೇನಿನಲ್ಲಿ ‘ಏಚೊ’ ಆಯಿತು. ಅದೇ ದಾರಿಯಲ್ಲಿ ರಾತ್ರಿಯ ‘ನೊಕ್ತೆಮ್’ ಹೋಗಿ ‘ನೋಚೆ’ ಆಯಿತು, ಹಾಲಿನ ‘ಲಾಕ್ತೆಮ್’ ‘ಲೇಚೆ’ ಆಯಿತು, ಎಂಟರ ‘ಒಕ್ತೊ’ ‘ಓಚೊ’ ಆಯಿತು. ‘ಕ್ತ’ ಇದ್ದಲ್ಲೆಲ್ಲ ‘ಚ’ ಬಂತು, ಅಷ್ಟೆ. ಮಾಡಿದೆ ಎನ್ನುವ ‘ಫೇಕೀ’ಯ ಕೊನೆಯ ಈಕಾರ ಮುಂದಿನ ಏಕಾರವನ್ನೂ ತನ್ನ ಕಡೆಗೆ ಎಳೆದುಕೊಂಡು ‘ಈಥೆ’ ಆಯಿತು. ಆ ಈಕಾರ ಆಮೇಲೆ ಉಳಿದ ಪುರುಷಗಳಿಗೂ ಹಬ್ಬಿತು. ಭವಿಷ್ಯದ ‘ಅರೇ’ ಇನ್ನೂ ಚೆಂದ. ಹಳೆಯ ಕ್ಯಾಸ್ಟೀಲಿಯನ್ನಿನಲ್ಲಿ ಮಾಡು ಎನ್ನುವುದಕ್ಕೆ ‘ಫಾರ್’ ಎಂಬ ಮೊಟಕು ರೂಪವಿತ್ತು. ಅದಕ್ಕೆ ‘ನನಗಿದೆ’ ಎನ್ನುವ ‘ಏ’ ಅಂಟಿಕೊಂಡಿತು. ನಾವು ‘ಮಾಡಲು’ ಮತ್ತು ‘ಇದ್ದೇನೆ’ ಎರಡನ್ನು ಬೆಸೆದು ‘ಮಾಡಲಿದ್ದೇನೆ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಅಪರೂಪದ ಕ್ರಿಯಾಪದಗಳನ್ನು ಜನ ಮರೆತು ಮರೆತು, ಸುಲಭದ ಅಚ್ಚಿಗೆ ಹಾಕಿಕೊಂಡುಬಿಡುತ್ತಾರೆ. ದಿನಕ್ಕೆ ನೂರು ಸಲ ಆಡುವುದನ್ನು ಮರೆಯಲು ಪುರಸೊತ್ತೇ ಇರುವುದಿಲ್ಲ. ತಾಯಿ ಆಡಿದ್ದನ್ನು ಮಗು ಆಡುತ್ತದೆ, ಹಳೆಯ ಆಕಾರ ಹಾಗೇ ಉಳಿಯುತ್ತದೆ.

ಇನ್ನು ಮೊದಲಿನ ‘ಫ’. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು, ಏಕೆಂದರೆ ಸ್ಪ್ಯಾನಿಷ್ ನನಗೆ ಒಳಗಿನಿಂದ ಹತ್ತಿರವಾದದ್ದು ಈ ಜಾಗದಲ್ಲಿ. ಇಟಲಿಯವರಿಗೆ ಮಾಡು ಎಂದರೆ ‘ಫಾರೆ’, ಫ್ರೆಂಚರಿಗೆ ‘ಫೇರ್’, ಪೋರ್ಚುಗೀಸರಿಗೆ ‘ಫಜೇರ್’, ಬಾರ್ಸಿಲೋನಾದ ಕತಲಾನರಿಗೆ ‘ಫೇರ್’. ಸುತ್ತಲಿನ ಈ ದಾಯಾದಿಗಳೆಲ್ಲ ‘ಫ’ ಉಳಿಸಿಕೊಂಡಿದ್ದಾರೆ. ಕ್ಯಾಸ್ಟೀಲಿನವರು ಅದನ್ನು ಮೊದಲು ‘ಹ’ ಮಾಡಿದರು, ಆಮೇಲೆ ಅದನ್ನೂ ಬಿಟ್ಟರು. ಹಿಟ್ಟಿನ ‘ಫರೀನಾ’ ಹೋಗಿ ‘ಅರೀನಾ’, ಕಬ್ಬಿಣದ ‘ಫೆರ್ರುಮ್’ ಹೋಗಿ ‘ಯೆರ್ರೊ’, ಮಗಳು ‘ಫೀಲಿಯಾ’ ಹೋಗಿ ‘ಈಹಾ’. ಮಧ್ಯಯುಗದ ಬರಹಗಳಲ್ಲಿ ‘ಫ’ ಇತ್ತು. 1605ರಲ್ಲಿ ಬಂದ ‘ಡಾನ್ ಕಿಹೋಟೆ’ಯಲ್ಲಿ ಸೆರ್ವಾಂಟಿಸ್ ತನ್ನ ನಾಯಕನಿಗೆ ವೀರಾವೇಶ ಬಂದಾಗ ಹಳೆಯ ‘ಫ’ಕಾರದ ಮಾತು ಆಡಿಸುತ್ತಾನೆ, ಪುರಾತನ ಕಾವ್ಯದ ಗತ್ತು ಅಷ್ಟರಿಂದಲೇ ಕಟ್ಟಿಕೊಳ್ಳುತ್ತದೆ. ಪಕ್ಕದ ಬಾಸ್ಕ್ ಭಾಷೆಯಲ್ಲಿ ‘ಫ’ ಇರಲಿಲ್ಲ, ಅದರ ಪ್ರಭಾವದಿಂದ ಹೀಗಾಯಿತು ಎಂದು ಭಾಷಾ ಪಂಡಿತ ರಮೋನ್ ಮೆನೆಂದೆಸ್ ಪಿದಾಲ್ ವಾದಿಸಿದರು. ಒಪ್ಪದ ಪಂಡಿತರೂ ಇದ್ದಾರೆ.

ಕನ್ನಡಿಗರಿಗೆ ಇದನ್ನು ಕೇಳಿದಾಗ ಏನು ನೆನಪಾಗಬೇಕು? ಪಂಪನ ಕಾಲದಲ್ಲಿ ನಾವು ಕುಡಿಯುತ್ತಿದ್ದದ್ದು ಪಾಲ್. ಕಾಡಿನಲ್ಲಿದ್ದದ್ದು ಪುಲಿ, ಮುಡಿದದ್ದು ಪೂ. ಕುಮಾರವ್ಯಾಸನ ಹೊತ್ತಿಗೆ ಅವು ಹಾಲು, ಹುಲಿ, ಹೂ ಆಗಿ ನೆಲೆನಿಂತಿವೆ. ತಮಿಳರು ‘ಪ’ ಉಳಿಸಿಕೊಂಡರು, ತೆಲುಗರು ಉಳಿಸಿಕೊಂಡರು, ಮಂಗಳೂರಿನ ದಸರಾದಲ್ಲಿ ಕುಣಿಯುವುದು ಇವತ್ತಿಗೂ ತುಳುವಿನ ಪಿಲಿಯೇ. ದಾಯಾದಿಗಳ ನಡುವೆ ಕನ್ನಡ ತನ್ನದೇ ದಾರಿ ಹಿಡಿಯಿತು. ಕಥೆ ಅಲ್ಲಿಗೂ ನಿಲ್ಲಲಿಲ್ಲ. ನಾನು ಮಳವಳ್ಳಿ ಕಡೆಯವಳು. ನನ್ನ ಅಜ್ಜಿ ಆ ‘ಹ’ವನ್ನೂ ಆಡುತ್ತಿರಲಿಲ್ಲ. ಅವಳಿಗೆ ಹೊಲ ‘ಒಲ’, ಹಾಲು ‘ಆಲು’, ಹಟ್ಟಿ ‘ಅಟ್ಟಿ’. ಶಾಲೆಯಿಂದ ಬಂದ ಮೊಮ್ಮಕ್ಕಳನ್ನು ‘ಒಟ್ಟೆ ಅಸೀತದಾ ಮಗ’ ಎಂದು ಕೇಳುತ್ತಿದ್ದಳು. ಪಸಿವು, ಹಸಿವು, ಅಸಿವು. ಲ್ಯಾಟಿನ್ನಿನಲ್ಲಿ ಹಸಿವಿಗೆ ‘ಫಾಮೆಸ್’. ಅದು ಸ್ಪೇನಿನಲ್ಲಿ ‘ಹಾಂಬ್ರೆ’ ಆಗಿ, ಈಗ ‘ಆಂಬ್ರೆ’. ಸಾವಿರಾರು ಮೈಲಿ ದೂರದ, ಒಂದಕ್ಕೊಂದು ನಂಟೇ ಇಲ್ಲದ ಎರಡು ಭಾಷೆಗಳಲ್ಲಿ ಹೊಟ್ಟೆ ಚುರುಗುಟ್ಟುವುದಕ್ಕೆ ಇರುವ ಮಾತು ಒಂದೇ ಬಗೆಯ ಮೂರು ಮೆಟ್ಟಿಲು ಇಳಿದಿದೆ. ಶಾಲೆಯಲ್ಲಿ ನಮ್ಮ ‘ಅ’ಕಾರವನ್ನು ಬೆತ್ತ ಹಿಡಿದು ತಿದ್ದುತ್ತಿದ್ದರು. ಅಜ್ಜಿಯ ಮಾತು ಒರಟು ಎಂದು ಎಲ್ಲರೂ ಹೇಳಿದ್ದನ್ನು ನಂಬಿ ಬೆಳೆದವರು ನಾವು. ಅದೇ ಕೆಲಸವನ್ನು ಕ್ಯಾಸ್ಟೀಲಿನ ಜನ ಮಾಡಿದಾಗ ಅದು ಇಪ್ಪತ್ತು ದೇಶಗಳ ರಾಜಭಾಷೆಯ ಶುದ್ಧ ಉಚ್ಚಾರಣೆ ಎನಿಸಿಕೊಂಡಿದೆ. ಅಜ್ಜಿ ಮಾತನ್ನು ಕೆಡಿಸಿರಲಿಲ್ಲ. ‘ಪ’ದಿಂದ ‘ಹ’ಕ್ಕೆ ಬಂದ ಭಾಷೆಯನ್ನು ಅವಳು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಿದ್ದಳು.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಒಬ್ಬ ವೃದ್ಧೆ ಇದ್ದರು. ಪೋರ್ಚುಗಲ್ ಗಡಿಯ ಎಸ್ತ್ರೆಮಾದೂರಾ ಪ್ರಾಂತದವರು. 1960ರ ದಶಕದಲ್ಲಿ ಆ ಬಡ ಪ್ರಾಂತದಿಂದ ಜನ ಗುಂಪುಗುಂಪಾಗಿ ಮ್ಯಾಡ್ರಿಡ್‌ಗೆ, ಬಾರ್ಸಿಲೋನಾಕ್ಕೆ, ಜರ್ಮನಿಗೆ ಹೊರಟರು. ಅವರಲ್ಲಿ ಇವರೂ ಒಬ್ಬರು. ಹುಡುಗಿಯಾಗಿದ್ದಾಗ ಮನೆಗೆಲಸಕ್ಕೆಂದು ಬಂದವರು. ನನ್ನನ್ನು ‘ಈಹಾ’ ಎಂದೇ ಕರೆಯುತ್ತಿದ್ದರು, ಮಗಳೇ ಎಂದು. ಅವರ ಹಳ್ಳಿಯ ಕಡೆ ಹಿಂದಿನವರು ‘ಹ’ ಬಿಟ್ಟಿಲ್ಲ. ಅಂಜೂರಕ್ಕೆ ಎಲ್ಲರೂ ‘ಈಗೊ’ ಎಂದರೆ ಅವರ ತಾಯಿ ‘ಹೀಗೊ’ ಎನ್ನುತ್ತಿದ್ದರಂತೆ, ಅಥೇರ್‌ಗೆ ‘ಹಥೇರ್’. ಮ್ಯಾಡ್ರಿಡ್‌ಗೆ ಬಂದ ಹೊಸತರಲ್ಲಿ ಈ ಹಕಾರ ಕೇಳಿ ಕೆಲಸದ ಮನೆಯವರು ನಕ್ಕರು, ಅವರು ಅದನ್ನು ನುಂಗಿಕೊಂಡರು. ನಮ್ಮೂರಿನಲ್ಲಿ ‘ಹ’ ಬಿಟ್ಟದ್ದಕ್ಕೆ ನಕ್ಕರೆ ಇಲ್ಲಿ ಹಿಡಿದುಕೊಂಡದ್ದಕ್ಕೆ ನಕ್ಕಿದ್ದರು. ನನ್ನ ಅಜ್ಜಿಯ ಕಥೆ ಹೇಳಿದ ದಿನ ಆ ಅಮ್ಮ ಅಡುಗೆಮನೆಯಲ್ಲೇ ನಿಂತು ತಮ್ಮ ತಾಯಿಯ ಮಾತನ್ನು ಒಂದೊಂದಾಗಿ ಆಡಿ ತೋರಿಸಿದರು. ಹಸಿವು, ಕಬ್ಬಿಣ, ಒಲೆ, ಅಂಜೂರ, ಎಲ್ಲವೂ ಹಕಾರದಲ್ಲೇ. ಫ್ಲಮೆಂಕೊ ಹಾಡುಗಾರಿಕೆಯ ಆಳದ ಬಗೆಗೆ ಇರುವ ಹೆಸರು ‘ಕಾಂತೆ ಹೋಂದೊ’. ಆಳ ಎನ್ನುವ ‘ಓಂದೊ’ವನ್ನು ಆಂದಲೂಸಿಯಾದ ಹಳ್ಳಿಗರು ಹಕಾರ ಹಚ್ಚಿ ಆಡಿದ್ದರಿಂದ ಬಂದ ಹೆಸರದು. 1922ರಲ್ಲಿ ಗ್ರಾನಾಡಾದಲ್ಲಿ ಸಂಗೀತಗಾರ ಮಾನ್ಯುಯೆಲ್ ದೆ ಫಾಯಾ, ಕವಿ ಲೋರ್ಕಾ ಸೇರಿ ಆ ಹಾಡಿನ ಸ್ಪರ್ಧೆ ನಡೆಸಿದಾಗ ಹಳ್ಳಿಯ ಉಚ್ಚಾರಣೆಯನ್ನೇ ಹೆಸರಲ್ಲಿ ಇಟ್ಟುಕೊಂಡರು. ನಗರ ನಕ್ಕ ಹಕಾರಕ್ಕೆ ಅಲ್ಲಿ ಗೌರವ ಸಿಕ್ಕಿತು.

ಕೆಳಮನೆಯ ಅಮ್ಮನೇ ನನಗೆ ಅಥೇರ್‌ನ ನಿಜವಾದ ಗುರು. ಮಧ್ಯಾಹ್ನ ಮೆಟ್ಟಿಲ ಬಳಿ ಸಿಕ್ಕರೆ ‘ಒಂದು ಕಾಫಿ, ಆಥೆ?’ ಎನ್ನುತ್ತಿದ್ದರು. ‘ಕಾಫಿ ಮಾಡುತ್ತದೆಯಾ’ ಎಂದು ಪದಕ್ಕೆ ಪದ ಇಟ್ಟರೆ ಏನೂ ತಿಳಿಯುವುದಿಲ್ಲ. ‘ಕಾಫಿ, ಆಗಬಹುದಾ?’ ಎಂದು ಕೇಳಿಸಿಕೊಂಡ ಕ್ಷಣ ತಿಳಿಯುತ್ತದೆ. ಉತ್ತರವಾಗಿ ನಾನೂ ‘ಆಥೆ’ ಎನ್ನುತ್ತಿದ್ದೆ, ಅಂದರೆ ಆಗಲಿ. ಸಾನ್ ಫೆರ್ನಾಂದೊ ಮಾರುಕಟ್ಟೆಯಲ್ಲಿ ತರಕಾರಿಯವನ ಹತ್ತಿರ ಅವರು ಎರಡು ಕಟ್ಟು ಪಾಲಕ್ ಸೊಪ್ಪಿಗೆ ದರ ಇಳಿಸಿದಾಗ ಅವನ ಬಾಯಿಂದ ಬರುತ್ತಿದ್ದದ್ದು ‘ಏಚೊ!’. ಪುಸ್ತಕದ ಪ್ರಕಾರ ಅದರ ಅರ್ಥ ಮಾಡಿದ್ದು. ನನ್ನ ಕಿವಿಗೆ ಬಿದ್ದದ್ದು ನಮ್ಮ ‘ಆಯ್ತು’. ವ್ಯಾಪಾರ ಕುದುರಿದಾಗ, ಮಾತಿಗೆ ಒಪ್ಪಿದಾಗ, ಕೆಲಸ ಮುಗಿದಾಗ ನಾವು ಹೇಳುವ ಅದೇ ಆಯ್ತು. ಆಮ್ಲೆಟ್ಟಿನ ಬಗ್ಗೆ ಮ್ಯಾಡ್ರಿಡ್‌ನಲ್ಲಿ ಮುಗಿಯದ ವಾದವೊಂದಿದೆ. ಆಲೂಗಡ್ಡೆ ಹಾಕಿದ ಅವರ ‘ತೋರ್ತೀಯಾ’ ಒಳಗೆ ಹಸಿಹಸಿಯಾಗಿರಬೇಕೋ, ಗಟ್ಟಿಯಾಗಿರಬೇಕೋ ಎಂದು. ಹಸಿಯಾಗಿದ್ದರೆ ‘ಪೋಕೊ ಏಚಾ’, ಗಟ್ಟಿಯಾಗಿದ್ದರೆ ‘ಮುಯ್ ಏಚಾ’. ಸ್ವಲ್ಪ ಆದದ್ದು, ಚೆನ್ನಾಗಿ ಆದದ್ದು. ಅಡುಗೆ ಆಯ್ತಾ ಎಂದು ಕೇಳುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಹೀಗೆ ಒಂದೊಂದೇ ಕೂಡಿಬಂದ ಮೇಲೆ ನನಗೆ ಗೊತ್ತಾಯಿತು: ಅಥೇರ್ ಎಂದರೆ ಮಾಡು ಎಂದು ಪುಸ್ತಕ ಹೇಳಿದ್ದು ಅರ್ಧ ನಿಜ. ಇನ್ನರ್ಧ ಅದು ‘ಆಗು’. ಕನ್ನಡದಲ್ಲಿ ನಾವು ಬಹಳ ಎಚ್ಚರದಿಂದ ಬೇರೆ ಇಟ್ಟಿರುವ ಎರಡು ಲೋಕಗಳು ಅಲ್ಲಿ ಒಂದೇ ಮನೆಯಲ್ಲಿವೆ. ‘ಚಳಿ ಆಗ್ತಿದೆ’, ‘ಎರಡು ವರ್ಷ ಆಯ್ತು’, ‘ಹೊತ್ತಾಯ್ತು’, ‘ಅವಳು ಡಾಕ್ಟರಾದಳು’, ‘ವಯಸ್ಸಾಯ್ತು’, ‘ಖುಷಿಯಾಯ್ತು’. ಈ ಎಲ್ಲ ಕಡೆಯೂ ಸ್ಪ್ಯಾನಿಷ್ ತನ್ನ ಅಥೇರ್ ಅನ್ನು, ಇಲ್ಲವೇ ಅದಕ್ಕೆ ‘ಸೆ’ ಹಚ್ಚಿದ ‘ಅಥೇರ್ಸೆ’ಯನ್ನು ತರುತ್ತದೆ. ಹಬ್ಬಕ್ಕೆ ಊರಿಗೆ ಹೋಗುವುದನ್ನು ನೆನೆದು ಮನಸ್ಸು ಅರಳಿದರೆ ಅವರು ಹೇಳುವುದು ‘ಮೆ ಆಥೆ ಇಲುಸ್ಯೋನ್’. ಅದರಲ್ಲಿ ‘ನಾನು’ ಇಲ್ಲ, ‘ನನಗೆ’ ಇದೆ. ನನಗೆ ಖುಷಿಯಾಗುತ್ತೆ ಎಂಬುದರ ಪಕ್ಕದಲ್ಲೇ ಇಡಬಹುದು. ಇಂಗ್ಲಿಷ್ ದಾರಿಯಲ್ಲಿ ಸ್ಪ್ಯಾನಿಷ್ ಕಲಿಯುವವರು ಈ ‘ನನಗೆ’ಯ ಮುಂದೆ ತಡವರಿಸುತ್ತಾರೆ. ಕನ್ನಡದ ದಾರಿಯಲ್ಲಿ ಬಂದವರು ನೇರ ಒಳಗೆ ನಡೆಯಬಹುದು. ನಮ್ಮವರು ಹೊಸ ಭಾಷೆ ಕಲಿಯುವಾಗ ಇಂಗ್ಲಿಷನ್ನು ನಡುವೆ ನಿಲ್ಲಿಸಿಕೊಳ್ಳುವ ಅಭ್ಯಾಸ ಬಿಡಬೇಕೆಂದು ನಾನು ಮನಸಾರೆ ಹೇಳುತ್ತೇನೆ. ಆ ಬಾಗಿಲಿಗಿಂತ ನಮ್ಮ ಬಾಗಿಲು ಎಷ್ಟೋ ಕಡೆ ಅಗಲ.

ಕಾಕತಾಳೀಯವೊಂದು ಇಲ್ಲಿ ನನ್ನನ್ನು ಇನ್ನಷ್ಟು ಸೆಳೆದಿದೆ. ಅಥೇರ್‌ನ ‘ನಾನು ಮಾಡುತ್ತೇನೆ’ ರೂಪ ಕಿವಿಗೆ ‘ಆಗೊ’ ಎಂದೇ ಕೇಳಿಸುತ್ತದೆ, ಇನ್ನೇನು ನಮ್ಮ ‘ಆಗು’ ಎನ್ನುವಷ್ಟು ಸಮೀಪ. ಲ್ಯಾಟಿನ್ನಿನ ‘ಫಾಕ್ಯೊ’ಗೂ ನಮ್ಮ ಧಾತುವಿಗೂ ಯಾವ ಸಂಬಂಧವೂ ಇಲ್ಲ. ಇಲ್ಲದಿದ್ದರೂ, ‘ಆಗೊ’ ಎನ್ನುವಾಗೆಲ್ಲ ಮಾಡುವವಳ ಬಾಯಲ್ಲಿ ಆಗುವುದರ ಸದ್ದು ಬರುತ್ತದೆ, ಅದು ನನಗೆ ಇಷ್ಟ.

ಕನ್ನಡಕ್ಕೂ ಸ್ಪ್ಯಾನಿಷಿಗೂ ಮಾಡುವ ಕಡೆಯಲ್ಲೂ ಒಂದು ಹೊಂದಿಕೆಯಿದೆ. ಹೊಸ ಮಾತು ಹೊರಗಿನಿಂದ ಬಂದರೆ ನಾವು ಅದಕ್ಕೆ ‘ಮಾಡು’ ಸೇರಿಸಿ ಒಳಗೆ ಬಿಟ್ಟುಕೊಳ್ಳುತ್ತೇವೆ: ಫೋನ್ ಮಾಡು, ಡೌನ್‌ಲೋಡ್ ಮಾಡು. ಅವರೂ ಹಾಗೆಯೇ ಕ್ಲಿಕ್ ಮಾಡುತ್ತಾರೆ, ಯೋಗ ಮಾಡುತ್ತಾರೆ. ಮೊಬೈಲಿನಲ್ಲಿ ಹಣ ಕಳಿಸುವ ‘ಬೀಥುಮ್’ ಎಂಬ ಸೇವೆ ಸ್ಪೇನಿನ ಬ್ಯಾಂಕುಗಳು 2016ರಲ್ಲಿ ತಂದದ್ದು. ಈಗ ಊಟದ ಬಿಲ್ಲು ಹಂಚಿಕೊಳ್ಳುವಾಗ ಗೆಳೆಯರು ‘ಆಥ್‌ಮೆ ಉನ್ ಬೀಥುಮ್’ ಎನ್ನುತ್ತಾರೆ. ಮಂಡ್ಯದ ಬಸ್ ನಿಲ್ದಾಣದ ಎಳನೀರಿನವರು ‘ಫೋನ್‌ಪೇ ಮಾಡಿ’ ಎನ್ನುವ ಹಾಗೆಯೇ. ಬೇರ್ಪಡುವುದೂ ಉಂಟು. ನಾವು ಊಟ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ನಿದ್ದೆ ಮಾಡುತ್ತೇವೆ. ಅವಕ್ಕೆಲ್ಲ ಅವರಲ್ಲಿ ಬೇರೆ ಬೇರೆ ಕ್ರಿಯಾಪದಗಳು. ರೈಲಿಗೆ ಇನ್ನೂ ಹೊತ್ತಿದ್ದರೆ ನಾವು ಹೊತ್ತು ಕಳೆಯುತ್ತೇವೆ, ಅವರು ಹೊತ್ತು ‘ಮಾಡುತ್ತಾರೆ’. ಅತೋಚಾ ನಿಲ್ದಾಣದ ಹಳೆಯ ಕಬ್ಬಿಣದ ಚಾವಣಿಯ ಕೆಳಗೆ 1992ರಿಂದ ತಾಳೆ, ಬಾಳೆ ಬೆಳೆದ ಒಂದು ತೋಟವಿದೆ. ಅಲ್ಲಿ ಬೆಂಚಿನ ಮೇಲೆ ಕೂತವರನ್ನು ಕೇಳಿದರೆ ಹೊತ್ತು ಮಾಡುತ್ತಿದ್ದೇವೆ ಎನ್ನುತ್ತಾರೆ. ಕಾಯುವುದಕ್ಕೂ ಒಂದು ಕೈಕೆಲಸದ ಘನತೆ ಬಂದುಬಿಡುತ್ತದೆ.

ಪ್ರೇರಣಾರ್ಥಕ ಕಲಿಯುವ ದಿನ ಪ್ರೋಫೆ ‘ಅಥೇರ್ ರೆಯೀರ್’ ಎಂದರೆ ನಗುವಂತೆ ಮಾಡುವುದು ಎಂದರು. ನಾನು ‘ನಗಿಸು’ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ನಗು, ನಗಿಸು, ತಿಳಿ, ತಿಳಿಸು. ಕೆಳಮನೆಯ ಅಮ್ಮನಿಗೆ ಪಾಠ ಒಪ್ಪಿಸುವಾಗ ಅವರು ತಮ್ಮ ಹಳ್ಳಿಯ ಸಾರುವವನನ್ನು ನೆನೆದರು. ಅವನು ಚಿಕ್ಕ ಕಹಳೆ ಊದಿ, ಬೀದಿ ತಿರುವಿನಲ್ಲಿ ನಿಂತು, ಊರಿನ ಅಧ್ಯಕ್ಷರ ಅಪ್ಪಣೆಯಂತೆ ‘ಸೆ ಆಥೆ ಸಾಬೇರ್’ ಎಂದು ಶುರುಮಾಡುತ್ತಿದ್ದ. ಮೀನಿನ ಗಾಡಿ ಬಂದಿದೆ, ನಾಳೆ ನೀರು ನಿಲ್ಲಿಸುತ್ತಾರೆ, ಇಂಥವರ ಕತ್ತೆ ಕಳೆದಿದೆ. ಆ ಮೂರು ಪದಗಳಿಗೆ ನಮ್ಮಲ್ಲಿ ಸಿದ್ಧವಾದ ಒಂದು ಮಾತಿದೆ. ಪಂಚಾಯಿತಿ ಕಟ್ಟೆಯ ನೋಟೀಸಿನಲ್ಲಿ ಇರುತ್ತದಲ್ಲ, ‘ಈ ಮೂಲಕ ತಿಳಿಸಲಾಗಿದೆ’. ತಿಳಿಸಿದವರು ಯಾರೆಂದು ಅದರಲ್ಲಿಯೂ ಇಲ್ಲ. ಕೊನೆಗೆ ಬಂದು ಕೂತದ್ದು ‘ಆಗು’.

ಅಥೇರ್‌ನ ಮಕ್ಕಳು ಊರೆಲ್ಲ ಹರಡಿದ್ದಾರೆ. ‘ಮಾಡಬೇಕಾದವು’ ಎನ್ನುವ ಲ್ಯಾಟಿನ್ ರೂಪ ‘ಫಾಕ್ಯೆಂದಾ’ ಮೊದಲು ಕೆಲಸಕಾರ್ಯವಾಗಿ, ಆಮೇಲೆ ಆಸ್ತಿಪಾಸ್ತಿಯಾಗಿ, ಮೆಕ್ಸಿಕೋದಲ್ಲಿ ಸಾವಿರಾರು ಎಕರೆಯ ಜಮೀನ್ದಾರಿಕೆಯಾಗಿ, ಕೊನೆಗೆ ಸರ್ಕಾರದ ಖಜಾನೆಯಾಗಿ ನಿಂತಿತು. ಮ್ಯಾಡ್ರಿಡ್‌ನ ಅಲ್ಕಲಾ ಬೀದಿಯಲ್ಲಿ, ಪುಯೆರ್ತಾ ದೆಲ್ ಸೋಲ್‌ಗೆ ಕೂಗಳತೆ ದೂರದಲ್ಲಿ, 18ನೇ ಶತಮಾನದ ಹಳೆಯ ಸುಂಕದ ಕಟ್ಟೆಯ ಕಟ್ಟಡದಲ್ಲಿ ಹಣಕಾಸು ಸಚಿವಾಲಯ ಇದೆ. ಅದರ ಹೆಸರು ‘ಅಥ್ಯೆಂದಾ’. ತಾರೀಖಿಗೆ ಇರುವ ‘ಫೇಚಾ’ ಎಂಬ ಮಾತೂ ಇದೇ ಬಳ್ಳಿಯದು. ಹಳೆಯ ಪತ್ರಗಳ ಕೊನೆಯಲ್ಲಿ ಈ ಪತ್ರ ಇಂಥ ದಿನ ‘ಮಾಡಿದ್ದು’ ಎಂದು ಬರೆಯುತ್ತಿದ್ದರು; ಆ ಮಾತು ‘ಫ’ ಬಿಡದೆ ಹಾಗೇ ಉಳಿಯಿತು. ವಿದೇಶಿಯರ ಕಚೇರಿಯಲ್ಲಿ ಅರ್ಜಿ ತುಂಬುವಾಗ ಸಹಿಯ ಪಕ್ಕದ ‘ಫೇಚಾ’ ನೋಡಿ ನಾನು ಪರಿಚಯದವರು ಸಿಕ್ಕಂತೆ ಹಿಗ್ಗಿದ್ದೇನೆ.

ಅಥ್ಯೆಂದಾ ಎಂದ ಕೂಡಲೇ ನಾನು ಆದರದಿಂದ ನೆನೆಯುವುದು ಮರಿಯಾ ಮೊಲಿನೆರ್ ಅವರನ್ನು. 1900ರಲ್ಲಿ ಅರಗೋನ್‌ನ ಪನೀಥಾದಲ್ಲಿ ಹುಟ್ಟಿದ ಗ್ರಂಥಪಾಲಕಿ. ಸ್ಪೇನಿನ ಗಣರಾಜ್ಯದ ಕಾಲದಲ್ಲಿ ಹಳ್ಳಿಗಳಿಗೆ ಪುಸ್ತಕ ಮುಟ್ಟಿಸುವ ಕೆಲಸದಲ್ಲಿ ತೊಡಗಿದ್ದವರು. ಅಂತರ್ಯುದ್ಧ ಮುಗಿದು ಫ್ರಾಂಕೊ ಗೆದ್ದ ಮೇಲೆ ಅವರ ದರ್ಜೆ ಇಳಿಸಿ ವೆಲೆನ್ಸಿಯಾದ ಅಥ್ಯೆಂದಾ ದಫ್ತರಖಾನೆಗೆ ಹಾಕಿದರು. ಆಮೇಲೆ ಮ್ಯಾಡ್ರಿಡ್‌ನ ಎಂಜಿನಿಯರಿಂಗ್ ಶಾಲೆಯ ಗ್ರಂಥಾಲಯ. ಅಲ್ಲಿ ದುಡಿಯುತ್ತ, ನಾಲ್ಕು ಮಕ್ಕಳ ಸಂಸಾರ ತೂಗಿಸುತ್ತ, ಮನೆಯ ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು ಸುಮಾರು 15 ವರ್ಷ ಒಬ್ಬರೇ ಕೂತು ಒಂದು ನಿಘಂಟು ಕಟ್ಟಿದರು. 1966 ಮತ್ತು 67ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅದರ ಹೆಸರು ಸ್ಪ್ಯಾನಿಷಿನ ‘ಬಳಕೆಯ ನಿಘಂಟು’. ಹುಟ್ಟಿನಿಂದ ಆಡುವವರಿಗೂ ಹೊಸದಾಗಿ ಕಲಿಯುವವರಿಗೂ ಒಟ್ಟಿಗೆ ಒದಗಬೇಕು ಎಂಬುದು ಅವರ ಉದ್ದೇಶ. ಪದದ ಅರ್ಥ ಕೊಟ್ಟು ಕೈತೊಳೆದುಕೊಳ್ಳದೆ, ಜನ ಅದನ್ನು ಯಾವುದರ ಜೊತೆ ಹೇಗೆ ಕೂರಿಸುತ್ತಾರೆ ಎಂದು ತೋರಿಸಿದರು. ಮೊಲಿನೆರ್ ಬಗ್ಗೆ ಕಾದಂಬರಿಕಾರ ಗ್ಯಾಬ್ರಿಯಲ್ ಗಾರ್ಸಿಯಾ ಮಾರ್ಕೆಜ್ ಅಭಿಮಾನದಿಂದ ಬರೆದಿದ್ದಾರೆ. 1972ರಲ್ಲಿ ರಾಜಮನ್ನಣೆಯ ಭಾಷಾ ಅಕಾಡೆಮಿಯ ಪೀಠಕ್ಕೆ ಅವರ ಹೆಸರು ಬಂದಾಗ ಅಕಾಡೆಮಿ ಆರಿಸಿದ್ದು ಬೇರೊಬ್ಬ ಪಂಡಿತರನ್ನು. 1713ರಲ್ಲಿ ಶುರುವಾದ ಆ ಸಂಸ್ಥೆ ಹೆಣ್ಣೊಬ್ಬಳನ್ನು ಆರಿಸಲು 1978ರವರೆಗೆ ಕಾಯಿತು. 1981ರಲ್ಲಿ ಮೊಲಿನೆರ್ ತೀರಿಕೊಂಡರು. ಬಡಾವಣೆಯ ಗ್ರಂಥಾಲಯದಲ್ಲಿ ಅವರ ಸಂಪುಟ ತೆಗೆದು ಅಥೇರ್ ನಮೂದಿನ ಮೇಲೆ ಬೆರಳಿಟ್ಟು ಇಳಿಯುತ್ತ ಹೋದರೆ, ಮಾರುಕಟ್ಟೆಯಲ್ಲೂ ಮೆಟ್ಟಿಲಲ್ಲೂ ನಾನು ಕೇಳಿದ ಮಾತುಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ. ಭಾಷೆಯನ್ನು ಹೀಗೆ ಮನೆಯ ಮೇಜಿನ ಮೇಲೆ ಕಾಪಾಡಿದ ಹೆಂಗಸಿಗೆ ಯಾವ ಪೀಠವೂ ದೊಡ್ಡದಲ್ಲ.

ಕೊನೆಗೆ ನನಗೆ ದಕ್ಕಿದ್ದು ಅಥೇರ್‌ನ ಸಂಭಾವನಾ ರೂಪ, ‘ಆಗ’. ಸ್ಪ್ಯಾನಿಷಿನಲ್ಲಿ ಆಸೆ, ಅನುಮಾನ, ಇನ್ನೂ ನಡೆಯದ ಸಂಗತಿ, ಇವಕ್ಕೆಲ್ಲ ಕ್ರಿಯಾಪದ ಬೇರೆ ವೇಷ ಹಾಕುತ್ತದೆ. ಪಾಠದಲ್ಲಿ ಎಷ್ಟು ಸಲ ಕೇಳಿದರೂ ಅದು ನನ್ನ ಬಾಯಿಗೆ ಹತ್ತಿರಲಿಲ್ಲ. ಒಂದು ಚಳಿಗಾಲ ಊರಿನಲ್ಲಿ ಅಮ್ಮ ಆಸ್ಪತ್ರೆ ಸೇರಿದಳು. ನಾನು ಟಿಕೆಟ್ಟಿಗೆ, ಪಾಸ್‌ಪೋರ್ಟಿಗೆ, ಮಗುವನ್ನು ಯಾರ ಹತ್ತಿರ ಬಿಡಲಿ ಎಂಬ ಚಿಂತೆಗೆ ಓಡಾಡುತ್ತಿದ್ದೆ. ಕೆಳಮನೆಯ ಅಮ್ಮ ಮೇಲೆ ಹತ್ತಿ ಬಂದು, ಬಾಗಿಲಲ್ಲಿ ನಿಂತು ಹೇಳಿದರು: ‘ಲೊ ಕೆ ಆಗ ಫಾಲ್ತಾ, ಈಹಾ.’ ‘ಅಥೇರ್ ಫಾಲ್ತಾ’ ಎಂದರೆ ಬೇಕಾಗುವುದು. ಏನೇ ಬೇಕಾಗಲಿ ಮಗಳೇ, ಎಂದು. ಬೇಕು ಮತ್ತು ಆಗು ಸೇರಿ ಬೇಕಾಗು ಆದ ಹಾಗೆ, ಕೊರತೆ ಎನ್ನುವ ‘ಫಾಲ್ತಾ’ ಮತ್ತು ಅಥೇರ್ ಸೇರಿ ಆ ಮಾತು ಆಗಿದೆ. ‘ಬೇಕಾಗಲಿ’ ಎನ್ನುವಲ್ಲಿ ನಮ್ಮ ಕ್ರಿಯಾಪದವೂ ವೇಷ ಬದಲಿಸುತ್ತದೆ ಎಂದು ನನಗೆ ಆಗಲೇ ಹೊಳೆದದ್ದು. ಅವರು ಮಗುವನ್ನು ಶಾಲೆಗೆ ಬಿಟ್ಟರು, ಕರೆತಂದರು. ಹಳೆಯ ಬ್ರೆಡ್ಡಿನ ಚೂರಿಗೆ ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ ಹಾಕಿ ಹುರಿದ ತಮ್ಮ ಊರಿನ ‘ಮೀಗಾಸ್’ ಮಾಡಿ, ಮೇಲೆ ದ್ರಾಕ್ಷಿ ಉದುರಿಸಿ ಮಗುವಿಗೆ ಕೊಟ್ಟರು. ಇಬ್ಬರಿಗೆ ಚೆನ್ನಾಗಿ ಹೊಂದಿಕೆಯಾದರೆ ಸ್ಪೇನಿನಲ್ಲಿ ಅವರು ‘ಒಳ್ಳೆಯ ಮೀಗಾಸ್ ಮಾಡುತ್ತಾರೆ’ ಎನ್ನುವುದು ವಾಡಿಕೆ. ಅಮ್ಮ ಗುಣವಾದಳು. ‘ಆಗ’ ರೂಪ ಅಲ್ಲಿಂದ ಮುಂದೆ ನನಗೆ ತೊಡಕಾಗಲಿಲ್ಲ.

ಅಥೇರ್ ಮುಗಿಯಿತು ಎನ್ನುವಂತಿಲ್ಲ. ಈಗ ಮೇಲಿನ ಮಹಡಿಗೆ ಅರ್ಜೆಂಟೀನಾದ ರೊಸಾರಿಯೊ ನಗರದ ಗಂಡಹೆಂಡತಿ ಬಂದಿದ್ದಾರೆ. ಅವರಲ್ಲಿ ನೀನು ಎನ್ನುವುದಕ್ಕೆ ‘ತೂ’ ಇಲ್ಲ, ‘ವೋಸ್’ ಇದೆ. ಕ್ರಿಯಾಪದವೂ ಅದಕ್ಕೆ ತಕ್ಕಂತೆ ತಿರುಗಿ ‘ಆಥೆಸ್’ ಬದಲು ‘ಅಸೇಸ್’ ಆಗುತ್ತದೆ, ಅಪ್ಪಣೆಯ ‘ಆಥ್’ ಬದಲು ‘ಅಸೇ’. ಮೆಟ್ಟಿಲಲ್ಲಿ ಸಿಕ್ಕರೆ ಅವರು ‘ಕೆ ಅಸೇಸ್?’ ಎನ್ನುತ್ತಾರೆ. ಏನು ಮಾಡುತ್ತಿದ್ದೀಯ ಎಂದು ಪದಗಳು ಕೇಳುತ್ತವೆ. ಆದರೆ ಅದು ನಮಸ್ಕಾರದ ಜಾಗದಲ್ಲಿ ಬರುವ ಮಾತು, ಮಾಡುತ್ತಿರುವ ಕೆಲಸದ ವರದಿ ಯಾರಿಗೂ ಬೇಡ. ನಮ್ಮೂರಿನಲ್ಲಿ ಎದುರಾದವರು ‘ಊಟ ಆಯ್ತಾ?’ ಎನ್ನುತ್ತಾರೆ, ಏನು ಉಂಡೆ ಎಂದು ಅವರೂ ಕೇಳುತ್ತಿರುವುದಿಲ್ಲ. ಇದನ್ನು ನಾನು ರೊಸಾರಿಯೊದ ಹೆಂಗಸಿಗೆ ಹೇಳಿದೆ. ಅವಳು ‘ಊಟ ಆಯ್ತಾ’ ಎಂದು ಎರಡು ಸಲ ಹೇಳಿ ನೋಡಿ, ಇದಕ್ಕೆ ಏನು ಉತ್ತರ ಕೊಡಬೇಕು ಎಂದು ಕೇಳಿದಳು. ‘ಆಯ್ತು’ ಎನ್ನಬೇಕು, ಆಗಿರದಿದ್ದರೂ ಅನ್ನಬಹುದು, ಆಮೇಲೆ ‘ನಿಮ್ದು?’ ಎಂದು ತಿರುಗಿ ಕೇಳಬೇಕು, ಎಂದೆ.